ಹೆಸರಿಗಿಂತ ಕಾರಣ ಮುಖ್ಯ

ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನು ನೀವು ಬಲ್ಲಿರಿ. ಅಲ್ಲಿನ ಕೆಲವು ಕಲ್ಲುಗಳು ಹಸಿರು. ಏಕೆ? 250 ಕೋಟಿ ವರ್ಷಗಳಿಗೂ ಹಿಂದೆ ಅವು ಲಾವಾರಸವಾಗಿದ್ದವು. ಗಟ್ಟಿಯಾದ ಮೇಲೆ ಭೂಮಿಯೊಳಗಿನ ಶಾಖ, ಒತ್ತಡ, ನೀರು ಸೇರಿ ಅವುಗಳ ಖನಿಜಗಳನ್ನೇ ಬದಲಿಸಿದವು. ಹೀಗೆ ಹುಟ್ಟಿದ ಹಸಿರು ಖನಿಜವೇ ಕ್ಲೋರೈಟ್.

ಆದರೆ ಹಸಿರಾದದ್ದೆಲ್ಲ ಕ್ಲೋರೈಟ್ ಅಲ್ಲ. ಆಕ್ಟಿನೊಲೈಟ್ ಕೂಡ ಹಸಿರೇ. ಗುರುತಿಸುವುದು ಹೇಗೆ? ಭೂವಿಜ್ಞಾನಿಗಳು ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, 0.03 ಮಿಲಿಮೀಟರ್ ದಪ್ಪವಾಗುವವರೆಗೆ ಉಜ್ಜುತ್ತಾರೆ. ಆಗ ಅದರೊಳಗೆ ಬೆಳಕು ಹಾಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದನ್ನು ಎರಡು ಧ್ರುವೀಕಾರಕ ಫಲಕಗಳ ನಡುವೆ ಇಟ್ಟು ತಿರುಗಿಸಿದರೆ ಆಕ್ಟಿನೊಲೈಟ್ ಹಳದಿ, ಕೆಂಪು, ನೀಲಿಯಾಗಿ ಹೊಳೆಯುತ್ತದೆ. ಕ್ಲೋರೈಟ್ ಮಂಕು ಬೂದು ಬಣ್ಣದಲ್ಲಿ, ಹಲವು ಸಲ ವಿಚಿತ್ರ ಕಡುನೀಲಿ ಅಥವಾ ಕಂದು ಬಣ್ಣದಲ್ಲಿ ಕಾಣುತ್ತದೆ.

ಪರೀಕ್ಷೆಯಲ್ಲಿ ಖನಿಜದ ಹೆಸರು ಬರೆದರೆ ಅಂಕ ಸಿಗುತ್ತದೆ. 'ಹೇಗೆ ಗೊತ್ತಾಯಿತು?' ಎಂಬುದಕ್ಕೆ ಇನ್ನೂ ಹೆಚ್ಚು ಅಂಕ ಸಿಗಬೇಕು ಎಂಬುದು ನನ್ನ ಅಭಿಪ್ರಾಯ. ಕಾರಣವಿಲ್ಲದ ಹೆಸರು ಬರೀ ಊಹೆ.

ಅಂಥ ಸೂಕ್ಷ್ಮದರ್ಶಕ ನಿಮ್ಮ ಶಾಲೆಯಲ್ಲಿ ಇಲ್ಲದಿರಬಹುದು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿಂದ ಕಲ್ಲು ತರಬೇಡಿ. ದಾರಿಬದಿಯ ಜಲ್ಲಿಕಲ್ಲೇ ಸಾಕು. ಉಗುರಿನಿಂದ ಗೀರಿ, ಭೂತಗನ್ನಡಿಯಲ್ಲಿ ನೋಡಿ. ಕಂಡದ್ದನ್ನು ಮೊದಲು ಬರೆಯಿರಿ, ಹೆಸರನ್ನು ಆಮೇಲೆ ಇಡಿ.