ಕೀಲು ಮತ್ತು 'ಕೀಲ್': ದನಿ ಒಂದಾದರೆ ಕುಲ ಒಂದಾಗದು



ಹಡಗಿನ ತಳದ ಮರಕ್ಕೆ ಇಂಗ್ಲಿಷಿನಲ್ಲಿ 'ಕೀಲ್' ಎನ್ನುತ್ತಾರೆ. ಅದು ನಮ್ಮ 'ಕೀಲು' ಶಬ್ದವೇ, ಆಂಗ್ಲರು ನಮ್ಮಿಂದ ಕದ್ದೊಯ್ದದ್ದು ಎಂಬ ಸಂದೇಶ ನಿಮ್ಮಲ್ಲಿ ಕೆಲವರಿಂದ ನನಗೆ ಬಂದಿದೆ. ಅದರ ಜೊತೆಗೆ 'ನ್ಯಾವಿಗೇಷನ್' ಎಂಬುದು 'ನವಗತಿ'ಯಿಂದ ಹುಟ್ಟಿತೆಂಬ ಹಳೆಯ ಮಾತೂ ಇದೆ. ಕಳುಹಿಸಿದವರ ಅಭಿಮಾನವನ್ನು ನಾನು ಶಂಕಿಸುವುದಿಲ್ಲ. ಆದರೆ ಎರಡೂ ಮಾತುಗಳು ಸುಳ್ಳು. ಸುಳ್ಳನ್ನು ಅಭಿಮಾನದ ಹೆಸರಿನಲ್ಲಿ ಮಕ್ಕಳ ಕಿವಿಗೆ ತುಂಬುವುದನ್ನು ಕಂಡು ಮೇಷ್ಟರಾದವನು ಸುಮ್ಮನಿರಲಾಗದು.

ಮೊದಲು ನಮ್ಮ ಪದವನ್ನೇ ನೋಡೋಣ. ಬಡಗಿಯ ಕೈಯಲ್ಲಿ ಕೀಲು ಎಂದರೆ ಎರಡು ಮರಗಳು ಕೂಡುವೆಡೆಯಲ್ಲಿ ಬೈರಿಗೆಯಿಂದ ರಂಧ್ರ ಕೊರೆದು ಬಡಿಯುವ ಗೂಟ. ಗಾಡಿಯ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವುದೂ ಕೀಲೇ. ಅಲ್ಲಿಗೆ ಹಾಕುವ ಎಣ್ಣೆ ಕೀಲೆಣ್ಣೆ. ದೇಹದಲ್ಲಿ ಮೂಳೆಗಳು ಕೂಡುವ ಜಾಗವೂ ಕೀಲು. ಕೀಲುಗೊಂಬೆ, ಕೀಲುಕುದುರೆ, ಕೀಲಿಕೈ ಎಲ್ಲವೂ ಇದೇ ಮನೆತನದವು. ವಿಷ್ಣುಸಹಸ್ರನಾಮದ ಪೀಠಿಕೆಯಲ್ಲಿ ನೀವು ದಿನವೂ ಹೇಳುವ 'ಕೀಲಕಂ' ಕೂಡ ಅದೇ. ಒಟ್ಟಿನಲ್ಲಿ, ಗಾತ್ರದಲ್ಲಿ ಚಿಕ್ಕದಾಗಿದ್ದು ದೊಡ್ಡದನ್ನು ಬಿಗಿದು ಹಿಡಿಯುವುದು, ಅಥವಾ ಹಾಗೆ ಕೂಡಿಕೊಂಡ ಸಂಧಿ, ಕೀಲು.

ಹಡಗಿನ 'ಕೀಲ್' ಇದಕ್ಕೆ ತೀರ ಬೇರೆಯಾದುದು. ಅದು ಗೂಟವಲ್ಲ, ಸಂಧಿಯೂ ಅಲ್ಲ. ಹಡಗಿನ ತಳದುದ್ದಕ್ಕೂ ಹಾಸಿದ ಬೆನ್ನುಮೂಳೆ ಅದು. ಕಟ್ಟುವವರು ಮೊದಲು ಅದನ್ನು ಇಟ್ಟು, ಆಮೇಲೆ ಪಕ್ಕೆಲುಬುಗಳನ್ನೂ ಹಲಗೆಗಳನ್ನೂ ಏರಿಸುತ್ತಾರೆ. ಈ ಪದ ಇಂಗ್ಲಿಷಿಗೆ ಬಂದದ್ದು ಉತ್ತರ ಯೂರೋಪಿನ ನಾವಿಕರ ಹಳೆಯ ನಾರ್ಸ್ ಭಾಷೆಯ 'ಕ್ಯೊಲ್ರ್' ಎಂಬುದರಿಂದ. ಇಂಗ್ಲಿಷಿನಲ್ಲಿ ಇನ್ನೊಂದು 'ಕೀಲ್' ಇದೆ: ಟೈನ್ ನದಿಯಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದ ಚಪ್ಪಟೆ ತಳದ ದೋಣಿ. ಹಳೆಯ ಇಂಗ್ಲಿಷಿನಲ್ಲಿ ಹಡಗಿಗೆ ಇದ್ದ ಹೆಸರು ಈ ಎರಡನೆಯದರ ಬಳಗದ್ದು. ೬ನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಗಿಲ್ಡಾಸ್ ಎಂಬ ಸಂನ್ಯಾಸಿ, ಸ್ಯಾಕ್ಸನರು ಬ್ರಿಟನ್ನಿಗೆ ಮೂರು ಹಡಗುಗಳಲ್ಲಿ ಬಂದರೆಂದು ಹೇಳುವಾಗ ಅವರದೇ ಮಾತಿನ ಈ ಪದವನ್ನು ದಾಖಲಿಸಿದ್ದಾನೆ. ಆಂಗ್ಲರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು ೧೬೦೦ರಲ್ಲಿ. ಅದಕ್ಕೂ ಸುಮಾರು ಒಂದು ಸಾವಿರ ವರ್ಷ ಮೊದಲೇ ಬರಹದಲ್ಲಿದ್ದ ಪದವನ್ನು ಅವರು ನಮ್ಮಿಂದ ಕದ್ದದ್ದು ಯಾವಾಗ?

'ಕಳ್ಳತನ ಬೇಡ, ರಕ್ತಸಂಬಂಧವಿರಬಹುದಲ್ಲ' ಎಂದು ಕೆಲವರು ಕೇಳಿಯಾರು. ಇದಕ್ಕೂ ಉತ್ತರವುಂಟು. ತರಗತಿಯಲ್ಲಿ ತತ್ಸಮ-ತದ್ಭವ ಓದಿದ್ದನ್ನು ನೆನೆಯಿರಿ. ಯಾತ್ರೆ ಜಾತ್ರೆಯಾಯಿತು, ಯೋಧ ಜೋದನಾದ, ಯಶ ಜಸವಾಯಿತು. ಪದಾದಿಯ ಯಕಾರ ಜಕಾರವಾಗುವುದು ಯಾರ ಇಷ್ಟಾನಿಷ್ಟವೂ ಅಲ್ಲ, ನಿಯಮ. ೧೩ನೆಯ ಶತಮಾನದಲ್ಲಿಯೇ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಇಂತಹ ವಿಚಾರಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಹಾಗೆಯೇ ಸಂಸ್ಕೃತ ಮತ್ತು ಇಂಗ್ಲಿಷುಗಳ ನಡುವೆಯೂ ನಿಯಮವಿದೆ. ಯಾಕೋಬ್ ಗ್ರಿಮ್ ೧೮೨೨ರಲ್ಲಿ ಅದನ್ನು ಕ್ರಮಬದ್ಧವಾಗಿ ನಿರೂಪಿಸಿದನು. ಇಂಗ್ಲಿಷಿನ ಮೊದಲ 'ಕ'ಕ್ಕೆ ಸಂಸ್ಕೃತದಲ್ಲಿ ಸಿಗುವುದು ಗ ಅಥವಾ ಜ: ಅವರ 'ಕೌ' ನಮ್ಮ 'ಗೋ'. ಮೊಣಕಾಲಿಗೆ ಅವರು ಹೇಳುವ 'ನೀ' ಎಂಬುದನ್ನು ಇಂದಿಗೂ 'ಕೆ' ಅಕ್ಷರದಿಂದಲೇ ಬರೆಯುತ್ತಾರೆ. ಸಂಸ್ಕೃತದಲ್ಲಿ ಅದು 'ಜಾನು'. ನಮ್ಮ ಕಕಾರ ಅಲ್ಲಿ ಹಕಾರವಾಗುತ್ತದೆ: 'ಕಃ' ಎಂಬುದಕ್ಕೆ ಅವರ 'ಹೂ'. ಆದ್ದರಿಂದ ಸಂಸ್ಕೃತದ 'ಕೀಲ'ಕ್ಕೆ ಇಂಗ್ಲಿಷಿನಲ್ಲಿ ದಾಯಾದಿ ಇದ್ದರೆ ಅದು ಹಕಾರದಿಂದ ಆರಂಭವಾಗಬೇಕು. 'ಕೀಲ್' ಎಂಬುದೇ ಅದು ಸಂಬಂಧಿಯಲ್ಲವೆಂಬುದಕ್ಕೆ ಸಾಕ್ಷಿ.

'ನವಗತಿ'ಯ ಕಥೆಯೂ ಹೀಗೆಯೇ. 'ನ್ಯಾವಿಗೇಷನ್' ಬಂದದ್ದು ಲ್ಯಾಟಿನ್ನಿನ 'ನಾವಿಸ್' (ಹಡಗು) ಮತ್ತು 'ಅಗೆರೆ' (ನಡೆಸು) ಎಂಬೆರಡರಿಂದ. ಆದರೆ ಆ 'ನಾವಿಸ್' ಮತ್ತು ನಮ್ಮ 'ನೌ' ನಿಜವಾಗಿಯೂ ಒಡಹುಟ್ಟಿದವು! ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದವೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸಾರಿದ್ದು ೧೭೮೬ರಲ್ಲಿ. ಸೋದರಿಯನ್ನು ಮಗಳೆಂದು ಹೇಳಿಕೊಳ್ಳುವುದರಿಂದ ಮನೆತನದ ಗೌರವ ಹೆಚ್ಚುವುದೇನು?

ಕೊಟ್ಟದ್ದರ ಹೆಮ್ಮೆ ಬೇಕೆಂದರೆ ನಿಜವಾಗಿ ಕೊಟ್ಟದ್ದೇ ಬೇಕಾದಷ್ಟಿದೆ. ಇಂಗ್ಲಿಷಿನ 'ಕ್ಯಾಟಮರಾನ್' ತಮಿಳಿನ 'ಕಟ್ಟುಮರಂ'. 'ಕಾಯರ್' ಮಲೆಯಾಳದ 'ಕಯರ್', ಅಂದರೆ ತೆಂಗಿನ ನಾರು. 'ಟೀಕ್' ಪೋರ್ಚುಗೀಸರ ಬಾಯಿಂದ ಹಾದುಹೋದ ಮಲೆಯಾಳದ 'ತೇಕ್ಕು', ನಮ್ಮ ತೇಗದ ಬಂಧು. 'ಡಿಂಗಿ' ಉತ್ತರ ಭಾರತದ ಪುಟ್ಟ ದೋಣಿ. ಮರ, ಹಗ್ಗ, ದೋಣಿ ಎಲ್ಲವೂ ಇಲ್ಲಿಂದ ಹೋದವೇ. ಈ ನಾಲ್ಕು ಸತ್ಯಗಳನ್ನು ಬಿಟ್ಟು ಒಂದು ಸುಳ್ಳನ್ನು ಹೊತ್ತು ತಿರುಗುವುದೇಕೆ?

ನಮ್ಮ ಕಾರವಾರದಲ್ಲಿಯೇ ೨೦೨೫ರ ಮೇ ೨೧ರಂದು 'ಕೌಂಡಿನ್ಯ' ಎಂಬ ಹಾಯಿಹಡಗು ನೌಕಾಪಡೆಯನ್ನು ಸೇರಿತು. ಅಜಂತದ ೫ನೆಯ ಶತಮಾನದ ಚಿತ್ರವೊಂದರ ಮಾದರಿಯಲ್ಲಿ ಕೇರಳದ ಕುಶಲಕರ್ಮಿಗಳು ಅದರ ಹಲಗೆಗಳನ್ನು ಮೊಳೆ ಹೊಡೆಯದೆ ನಾರಿನ ಹಗ್ಗದಿಂದ ಹೊಲಿದು ಕಟ್ಟಿದರು. ಮಕ್ಕಳಿಗೆ ತೋರಿಸಬೇಕಾದ ಹೆಮ್ಮೆ ಇದು. ಸುಳ್ಳು ಹೇಳಿಕೊಟ್ಟ ಮಗು ನಾಳೆ ಪರದೇಶದ ತರಗತಿಯಲ್ಲಿ ಅದನ್ನೇ ಹೇಳಿ ನಗೆಗೀಡಾದರೆ, ಆಮೇಲೆ ನಾವು ಹೇಳುವ ನಿಜವನ್ನೂ ಅದು ನಂಬಲಾರದು. ಸುಳ್ಳು ಅಭಿಮಾನದ ನಿಜವಾದ ನಷ್ಟ ಅದೇ.

ಪಂಚತಂತ್ರದ ಕೋತಿಯನ್ನು ಎಲ್ಲರೂ ಬಲ್ಲಿರಿ. ಬಡಗಿಗಳು ಅರ್ಧ ಸೀಳಿದ ದಿಮ್ಮಿಗೆ ಕೀಲ ಸಿಕ್ಕಿಸಿ ಊಟಕ್ಕೆ ಹೋದಾಗ, ಅದು ಏಕಿದೆಯೆಂದು ತಿಳಿಯದೆ ಕೋತಿ ಅದನ್ನು ಕಿತ್ತಿತು, ಪ್ರಾಣ ಬಿಟ್ಟಿತು. ಪದದ ಕೀಲನ್ನು ಕೀಳಹೊರಟವರೂ ಮೊದಲು ಅದು ಯಾವ ಕೆಲಸದ್ದು, ಎಂದಿನಿಂದ ಇದೆ, ಯಾವ ದಾರಿಯಿಂದ ಬಂತು ಎಂದು ಕೇಳಬೇಕು. ಈ ಮೂರಕ್ಕೆ ಉತ್ತರವಿಲ್ಲದ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ನನಗಂತೂ ಬೇಡವೇ ಬೇಡ.