ಮೂವತ್ತು ಲಕ್ಷದ ಪಿಕಪ್ ನಮ್ಮ ತೋಟಕ್ಕೆ ಬೇಕೆ?

ಕಳೆದ ಎರಡು ಕೊಯ್ಲಿನಿಂದ ಈಚೆಗೆ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಗೊಬ್ಬರದ ದಾಸ್ತಾನು, ಮೈಲುತುತ್ತಿನ ಧಾರಣೆ ಎಲ್ಲ ವಿಚಾರಿಸಿಯಾದ ಮೇಲೆ, ಕುರ್ಚಿಯಿಂದ ಏಳುವ ಮುಂಚೆ ಇನ್ನೊಂದು ಮಾತು ಕೇಳುವುದು ರೂಢಿಯಾಗಿದೆ. "ಆ ಹೈಲಕ್ಸ್ ಗಾಡಿ ಹೇಗೆ ಸಾರ್, ತಗೊಳ್ಳಬಹುದಾ? ಸಂಘದಿಂದ ಸಾಲ ಏನಾದರೂ ಆಗುತ್ತದಾ?" ಎಂದು. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ನಮ್ಮ ಅಭಿಪ್ರಾಯವನ್ನು ಪತ್ರಿಕೆಯಲ್ಲೇ ಬರೆದುಬಿಡುವುದು ಮೇಲೆಂದು ತೋರಿತು. ಒಪ್ಪದವರು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅದಕ್ಕೂ ಜಾಗ ಮಾಡಿಕೊಡುತ್ತೇವೆ.

ಮೊದಲು ಗಾಡಿಯ ವಿಚಾರ. ಟೊಯೋಟಾದವರು 2022ರ ಜನವರಿಯಲ್ಲಿ ಇದನ್ನು ನಮ್ಮ ದೇಶದಲ್ಲಿ ಪರಿಚಯಿಸಿದರು. ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಜೋಡಣೆಯಾಗುತ್ತದೆ. 2.8 ಲೀಟರಿನ ಡೀಸೆಲ್ ಇಂಜಿನು, 204 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಎಳೆತ, ಲೋ ಗೇರು, ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗಿದರೆ ಇನ್ನೊಂದಕ್ಕೆ ಬಲ ಕೊಡುವ ಡಿಫರೆನ್ಷಿಯಲ್ ಲಾಕು. ಮುಂದೆ ಐದು ಜನಕ್ಕೆ ಕಾರಿನಂಥ ಸೀಟು, ಹಿಂದೆ ತೆರೆದ ಬಾಡಿ. ಬಂದಾಗ ಷೋರೂಮಿನ ಬೆಲೆ 33.99 ಲಕ್ಷದಿಂದ ಶುರುವಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ಬದಲಾದ ಮೇಲೆ ಇಳಿದಿದೆ. ನಮ್ಮ ಲೆಕ್ಕಕ್ಕೆ 30 ಲಕ್ಷ ಎಂದು ಇಟ್ಟುಕೊಳ್ಳೋಣ. ಇದಕ್ಕೂ ಮುಂಚೆ, 2016ರಲ್ಲಿ, ಇಸುಜು ಕಂಪನಿಯ ವಿ-ಕ್ರಾಸ್ ಇದೇ ಜಾತಿಯ ಗಾಡಿಯಾಗಿ ಬಂದಿತ್ತು. ಮುಂದೆ ಹೇಳುವ ಮಾತು ಬಹುಮಟ್ಟಿಗೆ ಎರಡಕ್ಕೂ ಅನ್ವಯಿಸುತ್ತದೆ.

ಗಾಡಿ ಒಳ್ಳೆಯದೇ. ಅದರಲ್ಲಿ ನಮಗೆ ಸಂಶಯವಿಲ್ಲ. ಆಷಾಢದ ಮಳೆಯಲ್ಲಿ ಜಾರುವ ಮಣ್ಣಿನ ಏರನ್ನು ಕೂತವರ ಸೊಂಟಕ್ಕೆ ಪೆಟ್ಟಾಗದಂತೆ ಹತ್ತಿಬಿಡುತ್ತದೆ. ರಾತ್ರಿ ಹೊತ್ತು ಮನೆಯಲ್ಲಿ ವಯಸ್ಸಾದವರಿಗೆ ಎದೆನೋವು ಬಂದು, ಆಸ್ಪತ್ರೆ ನಲವತ್ತು ಮೈಲಿ ದೂರವಿದ್ದಾಗ, ಹೊರಟ ಗಾಡಿ ಮುಟ್ಟೀತೇ ಎಂಬ ಯೋಚನೆ ಇಲ್ಲದಿರುವುದು ಸಣ್ಣ ವಿಷಯವಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದು ರಸ್ತೆಗಳು ಹೋದಾಗ ಏನಾಯಿತೆಂಬುದನ್ನು ನಾವ್ಯಾರೂ ಮರೆತಿಲ್ಲ. ಮತ್ತೆ, ಏರ್‌ಬ್ಯಾಗು, ಬಿಗಿಯಾದ ಬ್ರೇಕು ಇವೆಲ್ಲ ನಮ್ಮ ಹಳೆಯ ಜೀಪುಗಳಿಗೆ ಕನಸಿನಲ್ಲೂ ಇರಲಿಲ್ಲ. ಘಾಟಿ ಇಳಿಯುವ ಮಕ್ಕಳು ಮೊಮ್ಮಕ್ಕಳ ಮೇಲಿನ ಕಾಳಜಿಯಿಂದ ಒಬ್ಬರು ಇದನ್ನು ಕೊಂಡರೆ ಅವರನ್ನು ದುಂದುಗಾರರೆಂದು ನಾವು ಅನ್ನುವುದಿಲ್ಲ.

ಆದರೆ ಸದಸ್ಯರು ನಮ್ಮಲ್ಲಿ ಕೇಳುವಾಗ ಕುಟುಂಬದ ಕಾರೆಂದು ಕೇಳುವುದಿಲ್ಲ, "ತೋಟಕ್ಕೆ" ಎಂದು ಕೇಳುತ್ತಾರೆ. ತೋಟಕ್ಕೆ ಎಂದ ಮೇಲೆ ಅದು ಏರನ್ನು ಹತ್ತುತ್ತದೆಯೇ ಎಂಬುದಕ್ಕಿಂತ ಹತ್ತುವಾಗ ಏನನ್ನು ಹೊತ್ತಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ಇಲ್ಲಿಯೇ ಬಹಳ ಜನಕ್ಕೆ ಆಶ್ಚರ್ಯವಾಗುತ್ತದೆ. ಹೊರದೇಶಗಳಲ್ಲಿ ಈ ಗಾಡಿ ಒಂದು ಟನ್ ಹೊರುವುದೆಂದು ಹೆಸರು ಪಡೆದಿದ್ದರೂ ಇಲ್ಲಿ ಮಾರುವ ಗಾಡಿಗೆ ಹೇಳಿರುವ ಹೊರೆ ಸುಮಾರು 470 ಕಿಲೋ ಮಾತ್ರ. 50 ಕಿಲೋದ ಕಾಫಿ ಚೀಲ ಒಂಬತ್ತು! ಹತ್ತನೆಯದನ್ನು ಇಟ್ಟರೆ ಲೆಕ್ಕ ಮೀರಿತು. ಹತ್ತು ಲಕ್ಷದ ಆಸುಪಾಸಿನಲ್ಲಿ ಸಿಗುವ ನಾಲ್ಕು ಚಕ್ರದ ಎಳೆತದ ಬೊಲೆರೊ ಕ್ಯಾಂಪರ್ ಐದು ಜನರನ್ನೂ ಕೂರಿಸಿಕೊಂಡು ಹೆಚ್ಚುಕಡಿಮೆ ಒಂದು ಟನ್ ಹೊರುತ್ತದೆ. ಸೀಟು ಒರಟು, ಸದ್ದು ಜಾಸ್ತಿ, ಏರ್‌ಕಂಡೀಷನ್ನಿನ ವಿಷಯ ಕೇಳಬಾರದು. ಆದರೂ ಚೀಲ ಇಪ್ಪತ್ತು.

ತೂಕ ಹೋಗಲಿ, ಉದ್ದ ಅಗಲವನ್ನೇ ನೋಡೋಣ. ನಾವು ತೋಟದಲ್ಲಿ ಸಾಗಿಸುವುದು ಏನೇನು? ಅಡಿಕೆ ಗೊನೆ, ಸೌದೆ, ದರಗು, ಕೊಟ್ಟಿಗೆ ಗೊಬ್ಬರ, ಕೊಳೆ ಔಷಧಿಯ ಡ್ರಮ್ಮು, ಮಾರ್ಚಿ ತಿಂಗಳಲ್ಲಿ ಸ್ಪ್ರಿಂಕ್ಲರ್ ಪೈಪು. ಪೈಪಿನ ಉದ್ದ 20 ಅಡಿ. ಈ ಗಾಡಿಯ ಹಿಂದಿನ ಬಾಡಿ ಐದಡಿಯ ಹತ್ತಿರ. ಪೈಪನ್ನು ಕ್ಯಾಬಿನ್ನಿನ ತಲೆಯ ಮೇಲೆ ಕಟ್ಟಿ ಸಾಗಿಸುವ ಧೈರ್ಯ ಮೂವತ್ತು ಲಕ್ಷ ಕೊಟ್ಟ ಯಾವ ಯಜಮಾನನಿಗೆ ಬಂದೀತು? ಕೊಟ್ಟಿಗೆ ಗೊಬ್ಬರ ತುಂಬಲು ಮನಸ್ಸು ಬಾರದೆ ಅದಕ್ಕೊಂದು ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಸಿದವರನ್ನು ನಾವು ಕಂಡಿದ್ದೇವೆ. ಇದನ್ನು ತಮಾಷೆಗೆಂದು ಬರೆಯುತ್ತಿಲ್ಲ. ಗೀರು ಬಿದ್ದೀತೆಂದು ಹೆದರಿ ಹೊರೆ ಹಾಕದ ಗಾಡಿ ತೋಟದ ಗಾಡಿಯಾಗುವುದಿಲ್ಲ.

ಇನ್ನು ತಿರುವಿನ ಪ್ರಶ್ನೆ. ಗಾಡಿಯ ಉದ್ದ 5.3 ಮೀಟರಿಗೆ ಮೇಲೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಣ ಅಂತರವೇ ಮೂರು ಮೀಟರು ದಾಟುತ್ತದೆ. ನಮ್ಮ ಹಿರಿಯರು ತೋಟದ ರಸ್ತೆ ಕಡಿಸಿದ್ದು ವಿಲ್ಲಿಸ್ ಜೀಪಿನ ಅಳತೆಗೆ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಬೊಂಬಾಯಿಯಲ್ಲಿ ಜೋಡಿಸಲಾರಂಭಿಸಿದ ಆ ಜೀಪಿನ ಚಕ್ರದ ಅಂತರ 80 ಅಂಗುಲ, ಅಂದರೆ ಎರಡು ಮೀಟರು. ಅದು ಒಂದೇ ಪಟ್ಟಿಗೆ ತಿರುಗಿಕೊಳ್ಳುತ್ತಿದ್ದ ಮುರುಕಿನಲ್ಲಿ ಈ ಗಾಡಿ ಎರಡು ಮೂರು ಬಾರಿ ಹಿಂದೆ ಮುಂದೆ ಆಡಬೇಕು. ಕೆಳಗಡೆ ಮಗ್ಗುಲಿನಲ್ಲಿ ಕಾಫಿ ಗಿಡ, ಮೇಲುಗಡೆ ಧರೆ. ಅಡ್ಡ ಮೋರಿಯ ದಿಬ್ಬದಲ್ಲಿ ಹೊಟ್ಟೆ ತಾಗುವುದೂ ಉಂಟು. ಹಾಗಾಗಿ ಕೊಳ್ಳುವ ಮುಂಚೆ ಷೋರೂಮಿನವರ ಪರೀಕ್ಷಾ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿ ಸಂತೋಷಪಡುವುದು ಸಾಲದು. ನಿಮ್ಮ ತೋಟದ ಅತಿ ಕಷ್ಟದ ತಿರುವಿಗೇ ತರಿಸಿ ನೋಡಿ. ತರಲು ಒಪ್ಪದವರಲ್ಲಿ ವ್ಯಾಪಾರ ಬೇಡ.

ಹೊಸ ಡೀಸೆಲ್ ಗಾಡಿಗಳ ಇನ್ನೊಂದು ಗುಣವನ್ನು ಮಾರುವವರು ತಾವಾಗಿ ಹೇಳುವುದು ಅಪರೂಪ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಪ್ರಕಾರ ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕವೊಂದು ಹೊಗೆ ಕೊಳವೆಯಲ್ಲಿರುತ್ತದೆ. ಅದು ಸೇರಿಸಿಕೊಂಡ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ಸ್ವಲ್ಪ ದೂರ ಒಂದೇ ಸಮನೆ ವೇಗದಲ್ಲಿ ಓಡಬೇಕು. ಮನೆಯಿಂದ ಲೈನಿಗೆ, ಲೈನಿನಿಂದ ಕಣಕ್ಕೆ, ಕಣದಿಂದ ಪಂಪ್‌ಹೌಸಿಗೆ ಎರಡನೇ ಗೇರಿನಲ್ಲೇ ದಿನಗಟ್ಟಲೆ ತಿರುಗುವ ಗಾಡಿಯಲ್ಲಿ ಶೋಧಕ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ. ವಾರಕ್ಕೊಮ್ಮೆ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೋಗಿಬರುವವರಿಗೆ ತೊಂದರೆಯಿಲ್ಲ. ಅಪ್ಪಟ ತೋಟದ ಓಡಾಟಕ್ಕೆ ಇದು ಯೋಚಿಸಬೇಕಾದ ಸಂಗತಿ, ಮತ್ತು ಇದು ಬೊಲೆರೊ ಸಹಿತ ಹೊಸ ಡೀಸೆಲ್ ಗಾಡಿಗಳಿಗೆಲ್ಲ ಇರುವ ತಾಪತ್ರಯ.

ಈಗ ಹಣದ ಮಾತಿಗೆ ಬರೋಣ. 30 ಲಕ್ಷದ ಗಾಡಿಗೆ ನಮ್ಮ ರಾಜ್ಯದಲ್ಲಿ ಆಜೀವ ತೆರಿಗೆ ನೂರಕ್ಕೆ 18, ಅಂದರೆ 5 ಲಕ್ಷ 40 ಸಾವಿರ. ಅದರ ಮೇಲೆ ಸೆಸ್ಸು, ವಿಮೆ. ಎಲ್ಲ ಸೇರಿ 37 ಲಕ್ಷದ ಹತ್ತಿರ. ಇದರಲ್ಲಿ 12 ಲಕ್ಷ ಕೈಯಿಂದ ಹಾಕಿ 25 ಲಕ್ಷಕ್ಕೆ ಶೇಕಡಾ 9ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 51,900 ರೂಪಾಯಿ. ವರ್ಷಕ್ಕೆ 6 ಲಕ್ಷ 23 ಸಾವಿರ. ಬೆಳೆಗಾರ ರೂಪಾಯಿಯಲ್ಲಿ ಎಣಿಸಬಾರದು, ಚೀಲದಲ್ಲಿ ಎಣಿಸಬೇಕು. ರೊಬಸ್ಟಾ ಚೆರ್ರಿ ಚೀಲಕ್ಕೆ ಹತ್ತು ಸಾವಿರ ಸಿಕ್ಕರೆ ವರ್ಷದ ಕಂತಿಗೆ 62 ಚೀಲ ಸಾಕು. ಎಕರೆಗೆ 15ರಿಂದ 20 ಚೀಲ ತೆಗೆಯುವವರಿಗೆ ಮೂರು ನಾಲ್ಕು ಎಕರೆಯ ಫಸಲು. ಅದೇ ಚೆರ್ರಿ 2019-20ರಲ್ಲಿ ನಾಲ್ಕು ಸಾವಿರವನ್ನೂ ಮುಟ್ಟಿರಲಿಲ್ಲ. ಮೂರೂವರೆ ಸಾವಿರದಂತೆ ಹಾಕಿದರೆ 178 ಚೀಲ; ಹತ್ತು ಎಕರೆಯ ಆಸುಪಾಸಿನ ಇಡೀ ಫಸಲು ಗಾಡಿಯ ಕಂತಿಗೇ ಹೋಯಿತು. ಕೊಯ್ಲಿನ ಕೂಲಿ, ಗೊಬ್ಬರ, ಡೀಸೆಲು, ಮಕ್ಕಳ ಶಾಲೆ ಯಾವುದರಿಂದ?

"ಧಾರಣೆ ಇನ್ನು ಅಷ್ಟು ಕೆಳಗೆ ಬರುವುದಿಲ್ಲ" ಎಂದು ಹೇಳುವವರಿದ್ದಾರೆ. 2024-25ರಲ್ಲಿ ಚೆರ್ರಿ ಹತ್ತು ಸಾವಿರ ದಾಟಿದ್ದನ್ನು ಕಂಡ ಮೇಲೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಬ್ರೆಜಿಲ್ ದೇಶದಲ್ಲಿ 1975ರ ಜುಲೈಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟು 1977ರಲ್ಲಿ ಧಾರಣೆ ಏರಿದಾಗಲೂ ಈ ಮಾತೇ ಇತ್ತು. 1994ರಲ್ಲಿ ಅಲ್ಲಿ ಮತ್ತೆ ಹಿಮ ಬಿದ್ದಾಗಲೂ ಇದೇ ಮಾತು. ಆ ಎರಡಕ್ಕೂ ಒಂದು ವ್ಯತ್ಯಾಸವುಂಟು. 1977ರಲ್ಲಿ ಕಾಫಿಯೆಲ್ಲ ಮಂಡಳಿಯ ಪೂಲಿಗೆ ಹೋಗುತ್ತಿತ್ತು. ಪಾಯಿಂಟಿನ ಲೆಕ್ಕದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. ಬೈದುಕೊಳ್ಳುತ್ತಿದ್ದೆವು ನಿಜ, ಆದರೆ ಒಟ್ಟಿಗೆ ಕೈಗೆ ಬಾರದ ಹಣ ಒಟ್ಟಿಗೆ ಖರ್ಚಾಗುವುದೂ ಇಲ್ಲ. 1990ರ ದಶಕದ ಮಧ್ಯಕ್ಕೆ ಮುಕ್ತ ಮಾರಾಟ ಬಂದು, ಏರಿದ ಧಾರಣೆಯ ಹಣ ಒಂದೇ ಚೆಕ್ಕಿನಲ್ಲಿ ಬರತೊಡಗಿತು. ಆಗ ಮನೆಗಳೆದ್ದವು, ಹೊಸ ಗಾಡಿಗಳು ಬಂದವು, ಪಕ್ಕದ ತೋಟ ಸಾಲದಲ್ಲಿ ಸೇರಿತು. 2001-02ರ ಹೊತ್ತಿಗೆ ಧಾರಣೆ ಉತ್ಪಾದನಾ ವೆಚ್ಚಕ್ಕಿಂತ ಕೆಳಗಿಳಿದಾಗ ಮೊದಲು ಮಾರಾಟವಾದದ್ದು ಆ ಗಾಡಿಗಳೇ, ಅದೂ ಕೇಳಿದ ಬೆಲೆಗೆ. ಸಾಲ ಮಾತ್ರ ಉಳಿಯಿತು. ಅಡಿಕೆಯಿದೆಯಲ್ಲ ಎನ್ನುವ ಧೈರ್ಯವೂ ಈಗ ಮೊದಲಿನಷ್ಟಿಲ್ಲ; ಹಳದಿ ಎಲೆ ರೋಗದಿಂದ ತೋಟಗಳೇ ಬರಿದಾದ ಊರುಗಳು ನಮ್ಮ ಮಗ್ಗುಲಲ್ಲಿವೆ, ಎಲೆಚುಕ್ಕಿ ರೋಗ ವರ್ಷದಿಂದ ವರ್ಷಕ್ಕೆ ಹರಡುತ್ತಿದೆ.

ಇನ್ನೊಂದು ಮಾತನ್ನು ಮಾರುವವರು ತಪ್ಪದೆ ಹೇಳುತ್ತಾರೆ: ಸವಕಳಿ ತೋರಿಸಿ ತೆರಿಗೆ ಉಳಿಸಬಹುದೆಂದು. ಬೆಳೆ ಮಾರಿ ಬಂದ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲದಿರುವಾಗ ನಮ್ಮ ಸಾಮಾನ್ಯ ಸದಸ್ಯ ಉಳಿಸುವುದು ಯಾವ ತೆರಿಗೆಯನ್ನು? ಬೇರೆ ವ್ಯಾಪಾರ, ಹೋಂಸ್ಟೇ ಇದ್ದವರು ತಮ್ಮ ಆಡಿಟರನ್ನು ಕೇಳಿಕೊಳ್ಳಲಿ.

ಕೆಲಸದವರನ್ನು ಹಿಂದಿನ ಬಾಡಿಯಲ್ಲಿ ನಿಲ್ಲಿಸಿ ಕರೆತರುವ ಅಭ್ಯಾಸದ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಗಾಡಿ ಐದು ಲಕ್ಷದ್ದಾಗಲಿ ಮೂವತ್ತು ಲಕ್ಷದ್ದಾಗಲಿ, ಬಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಸರಕಿನ ವಾಹನದಲ್ಲಿ ಪುಕ್ಕಟೆ ಪ್ರಯಾಣ ಮಾಡಿದವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ತೀರ್ಪು ಕೊಟ್ಟಿದೆ. ಕೊಯ್ಲಿನ ಕಾಲದಲ್ಲಿ ಗಾಡಿ ಮಗುಚಿ ಸತ್ತ ಹೆಂಗಸರ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ದೊಡ್ಡ ಗಾಡಿ ಬಂತೆಂದರೆ ಹೆಚ್ಚು ಜನ ಹಿಡಿಸುತ್ತಾರೆಂದು ಎಣಿಸಿ ಕೊಳ್ಳುವವರಿದ್ದರೆ, ದಯವಿಟ್ಟು ಆ ಲೆಕ್ಕವನ್ನು ಬಿಟ್ಟುಬಿಡಿ. ಬೆಲ್ಟಿರುವ ಸೀಟು ಐದೇ.

ನಮ್ಮನ್ನು ಕೇಳಿದರೆ ಹಣವನ್ನು ಮೊದಲು ಹಾಕಬೇಕಾದದ್ದು ಗಾಡಿಗಲ್ಲ, ರಸ್ತೆಗೆ. ನಮ್ಮ ಬಹುಪಾಲು ತೋಟಗಳಲ್ಲಿ ನಾಲ್ಕು ಚಕ್ರದ ಎಳೆತ ಬೇಕಾಗುವುದು ಇಡೀ ದಾರಿಗಲ್ಲ. ಒಂದು ಏರು, ಒಂದು ಒರತೆಯ ಕೆಸರು, ಮಳೆ ನೀರು ರಸ್ತೆಯ ಮೇಲೇ ಹರಿಯುವ ಒಂದು ಇಳಿಜಾರು, ಇಷ್ಟಕ್ಕೇ. ಮೇಲುಮಗ್ಗುಲಿಗೆ ಚರಂಡಿ ತೆಗೆಸಿ, ಎರಡು ಮೋರಿ ಕಟ್ಟಿಸಿ, ಏರಿಗೆ ಕಾಡುಗಲ್ಲಿನ ಸೋಲಿಂಗ್ ಹಾಕಿಸಿ, ಚಕ್ರ ಓಡುವ ಕಡೆ ಎರಡು ಪಟ್ಟಿ ಕಾಂಕ್ರೀಟು ಎಳೆಸಿದರೆ ಸಾಮಾನ್ಯ ಪಿಕಪ್ಪೇ ಕಣದ ಬಾಗಿಲಿಗೆ ಬರುತ್ತದೆ. ಎಷ್ಟೋ ಕಡೆ ಲಾರಿಯೂ ಬರುತ್ತದೆ. ಈ ಗಾಡಿಗೆ ಕಟ್ಟುವ ತೆರಿಗೆಯೊಂದರಲ್ಲೇ ಇಷ್ಟು ಕೆಲಸದ ಬಹುಭಾಗ ಮುಗಿಯುತ್ತದೆ. ರಸ್ತೆಗೆ ಸವಕಳಿಯಿದ್ದರೂ ಕಂತಿಲ್ಲ, ವಿಮೆಯಿಲ್ಲ. ನೆರೆಯವರೂ ಉಪಯೋಗಿಸುತ್ತಾರೆಂಬ ಕಾರಣಕ್ಕೆ ಬೇಸರ ಪಡುವವರು ಸಹಕಾರ ಸಂಘದ ಸದಸ್ಯರಾಗಿರಲಾರರು.

ಹಾಗಾದರೆ ಇದನ್ನು ಯಾರು ಕೊಳ್ಳಬಹುದು? ದೂರ ದೂರ ಎರಡು ಮೂರು ತೋಟಗಳಿದ್ದು, ದಿನವೂ ಘಾಟಿ ಹತ್ತಿಳಿದು, ಹೊರೆಗೆ ಬೇರೆ ಗಾಡಿ ಇಟ್ಟುಕೊಂಡು, ಸಾಲವಿಲ್ಲದೆ ಕೊಳ್ಳಬಲ್ಲವರು ಧಾರಾಳವಾಗಿ ಕೊಳ್ಳಲಿ. ಕಾರೊಂದನ್ನು ಹೇಗೂ ಬದಲಾಯಿಸಬೇಕಾಗಿದ್ದು, ಕಾರೂ ಜೀಪೂ ಎರಡರ ಬದಲು ಇದೊಂದೇ ಸಾಕೆನ್ನುವವರ ಲೆಕ್ಕವೂ ಸರಿಹೊಂದೀತು. ಈ ಕಂಪನಿಯ ಗಾಡಿಗಳಿಗೆ ಮರುಮಾರಾಟದಲ್ಲಿ ಬೆಲೆ ಚೆನ್ನಾಗಿ ಸಿಗುತ್ತದೆಂಬುದೂ ನಿಜ. ಐದು ಹತ್ತು ಎಕರೆಯ ಸದಸ್ಯರಿಗೆ, ಅಂದರೆ ನಮ್ಮ ಸಂಘದ ಬಹುಪಾಲು ಜನಕ್ಕೆ, ಬೇಡವೆಂದೇ ನಮ್ಮ ಸಲಹೆ. ನಾಲ್ಕು ಚಕ್ರದ ಎಳೆತ ಬೇಕೇ ಬೇಕಾದರೆ ಕ್ಯಾಂಪರ್ ನೋಡಿ, ಅಥವಾ ಊರಿನ ಮೆಕ್ಯಾನಿಕ್ಕಿಗೆ ಕೈ ಪರಿಚಯವಿರುವ ಹಳೆಯ ಜೀಪೊಂದನ್ನು ಸರಿಮಾಡಿಸಿ. ಆ ಮೆಕ್ಯಾನಿಕ್ಕು ರಾತ್ರಿ ಎಂಟಕ್ಕೂ ಬರುತ್ತಾನೆ, ಕಂಪನಿಯ ವರ್ಕ್‌ಷಾಪು ಬರುವುದಿಲ್ಲ.

ಸಂಘದ ಸಾಲದ ವಿಷಯದಲ್ಲಿ ನಮ್ಮ ನಿಲುವನ್ನು ಸ್ಪಷ್ಟಪಡಿಸುತ್ತೇವೆ. ಸದಸ್ಯರ ಠೇವಣಿಯ ಹಣ ಬೆಳೆಗೆ, ಕಣಕ್ಕೆ, ನೀರಾವರಿಗೆ, ತೋಟದ ರಸ್ತೆಗೆ ಸಿಗಬೇಕೆ ಹೊರತು ಮೂವತ್ತು ಲಕ್ಷದ ಗಾಡಿಗಲ್ಲ ಎಂದು ಆಡಳಿತ ಮಂಡಳಿಯ ಮುಂದೆ ನಾವು ಅಭಿಪ್ರಾಯ ಕೊಡಲಿದ್ದೇವೆ. ಅದರ ಬದಲು ಸಂಘದ ಹೆಸರಿನಲ್ಲೇ ಹಳದಿ ಬೋರ್ಡಿನ, ನಾಲ್ಕು ಚಕ್ರದ ಎಳೆತದ ಪಿಕಪ್ ಒಂದನ್ನು ಕೊಂಡು ಕೊಯ್ಲಿನ ಕಾಲದಲ್ಲಿ ಸದಸ್ಯರಿಗೆ ಸರದಿಯ ಮೇಲೆ ಬಾಡಿಗೆಗೆ ಕೊಡುವ ಸಲಹೆಯನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಲಿದ್ದೇವೆ. ಒಂದು ಗಾಡಿ ಸಾಕೇ, ಎರಡು ಬೇಕೇ ಎಂದು ನಿರ್ಧರಿಸಲು, ಬೇಕಾದವರು ತಮ್ಮ ತೋಟದ ಹೆಸರು, ಕೊಯ್ಲಿನ ತಿಂಗಳು, ಸಾಗಿಸಬೇಕಾದ ಚೀಲ ಎಷ್ಟು, ಕಣದವರೆಗೆ ರಸ್ತೆ ಹೇಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಭೆಗೆ ಮುಂಚೆ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ.