ಹುಲ್ಲು ಕತ್ತರಿಸುವ ಹಳೆಯ ಸವಾರಿ ಯಂತ್ರ

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಅಮೆರಿಕಾ ದೇಶದಲ್ಲಿ ಸಂಸಾರ ಹೂಡಿರುವರು. ಆ ದೇಶದ ಉತ್ತರಭಾಗಗಳಲ್ಲಿ ಸುಮಾರು ನಮ್ಮ ಯುಗಾದಿಯ ಕಾಲಕ್ಕೆ ಹಿಮವು ಕರಗಿ, ಮನೆಯ ಸುತ್ತಲಿನ ಹುಲ್ಲು ಚಿಗುರತೊಡಗುವುದು. ಅದನ್ನು ಮನಬಂದಂತೆ ಬೆಳೆಯಗೊಡಲು ಅನೇಕ ಊರುಗಳ ಪುರಸಭೆಗಳು ಒಪ್ಪುವುದಿಲ್ಲ. ವಿಶಾಲವಾದ ಅಂಗಳವುಳ್ಳವರು ಮೇಲೆ ಕುಳಿತು ನಡೆಯಿಸುವ ಯಂತ್ರವನ್ನು ಇಟ್ಟುಕೊಳ್ಳುವುದು ಅಲ್ಲಿ ವಾಡಿಕೆ. ಮಕ್ಕಳ ಮನೆಗೆ ಕೆಲವು ತಿಂಗಳ ಮಟ್ಟಿಗೆ ಹೋಗುವ ತಂದೆತಾಯಿಗಳಿಗೂ ಇದರ ಪರಿಚಯವು ಅವಶ್ಯವಾದುದರಿಂದ, ಈ ಸಂಚಿಕೆಯಲ್ಲಿ ಇದನ್ನೇ ಪ್ರಸ್ತಾಪಿಸುವೆವು.

ಹುಲ್ಲು ಕತ್ತರಿಸುವ ಯಂತ್ರವನ್ನು ಮೊದಲು ಕಲ್ಪಿಸಿದವನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವನು. ಗಿರಣಿಗಳಲ್ಲಿ ಉಣ್ಣೆಯ ಬಟ್ಟೆಯ ಮೇಲಣ ನವುರನ್ನು ಸಮವಾಗಿ ಕತ್ತರಿಸುವ ಯಂತ್ರವನ್ನು ಕಂಡು, ಭೂಮಿಯ ಮೇಲಣ ಹುಲ್ಲಿಗೂ ಅದೇ ಯುಕ್ತಿ ಸಲ್ಲುವುದೆಂದು ಊಹಿಸಿ, 1830ರಲ್ಲಿ ಪೇಟೆಂಟು ಪಡೆದನು. ಅಮೆರಿಕಾದ ಜಾನ್ ಡೀರ್ ಸಂಸ್ಥೆಯು ಮನೆಯಂಗಳಕ್ಕೆಂದು ತನ್ನ 110 ಎಂಬ ಸಣ್ಣ ಟ್ರ್ಯಾಕ್ಟರನ್ನು 1963ರಲ್ಲಿ ಹೊರಡಿಸಿತು.

ಹಳೆಯ ಯಂತ್ರವನ್ನು ಕಂಡೊಡನೆ ಹೊಸದನ್ನು ಕೊಳ್ಳಬೇಕೆಂಬ ಚಾಪಲ್ಯವು ಸಹಜ. ಆದರೆ ಹೊಸದನ್ನು ಕಟ್ಟುವುದಕ್ಕಿಂತ ಜೀರ್ಣೋದ್ಧಾರವೇ ಮೇಲೆಂದು ನಮ್ಮ ಹಿರಿಯರು ಎಣಿಸಿದ್ದರು. ಒಂದು ಮಧ್ಯಾಹ್ನದ ಶ್ರಮದಿಂದ ಅನೇಕ ಹಳೆಯ ಯಂತ್ರಗಳು ಇನ್ನೂ ಕೆಲವು ವರ್ಷ ದುಡಿಯಬಲ್ಲವು.

ಕೆಲಸಕ್ಕೆ ಒಂದು ಕ್ರಮವುಂಟು. ಚಳಿಗಾಲದಲ್ಲಿ ಇಲಿಗಳು ಎಂಜಿನಿನ ಮುಚ್ಚಳದೊಳಗೆ ಗೂಡು ಕಟ್ಟುವುದುಂಟು. ಅದನ್ನು ತೆಗೆಯದಿದ್ದರೆ ಗಾಳಿಯಾಡದೆ ಎಂಜಿನು ಕಾದು ಕೆಡುವುದು, ಬೆಂಕಿಯೂ ಹತ್ತಬಹುದು. ಬಳಿಕ ಹಿಂದಿನ ವರ್ಷದ ಪೆಟ್ರೋಲನ್ನು ಹೊರತೆಗೆಯತಕ್ಕದ್ದು. ಅಲ್ಲಿಯ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 10 ಭಾಗದವರೆಗೆ ಎಥನಾಲ್ ಸೇರಿರುವುದು. ಅದು ತೇವವನ್ನು ಹೀರುವುದು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಸೂಕ್ಷ್ಮರಂಧ್ರಗಳನ್ನು ಮುಚ್ಚುವುದು. ವಸಂತದಲ್ಲಿ ಎಂಜಿನು ಹೊರಡದಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಧೂಳು ತುಂಬಿದ ಏರ್ ಫಿಲ್ಟರನ್ನೂ ಸವೆದ ಸ್ಪಾರ್ಕ್ ಪ್ಲಗ್ಗನ್ನೂ ಬದಲಿಸಬೇಕು. ಪೂರ್ಣ ಚಾರ್ಜು ಹೊಂದಿದ 12 ವೋಲ್ಟಿನ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸುವುದು; ಕಡಮೆಯಿದ್ದರೆ ಚಾರ್ಜು ಮಾಡಬೇಕು. ಅದನ್ನು ಬಿಚ್ಚುವಾಗ ಋಣತಂತಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಜೋಡಿಸತಕ್ಕದ್ದು.

ಇನ್ನು ಆಯಿಲಿನ ಮಟ್ಟವನ್ನು ನೋಡಿ, ಯಂತ್ರವನ್ನು ಬಯಲಿಗೆ ತಂದೇ ಹೊರಡಿಸಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಪ್ರಾಣವನ್ನೇ ಅಪಹರಿಸುವುದು. ನಾಲ್ಕೈದು ನಿಮಿಷ ನಡೆದು ಬೆಚ್ಚಗಾದ ಆಯಿಲು ಕಶ್ಮಲದೊಡನೆ ಸರಾಗವಾಗಿ ಇಳಿಯುವುದು. ಅದನ್ನು ಬಸಿದು, ಕೈಪಿಡಿಯಲ್ಲಿ ಹೇಳಿದ ಬಗೆಯ ಹೊಸ ಆಯಿಲನ್ನು ಹೇಳಿದಷ್ಟೇ ಹಾಕಬೇಕು.

ಅಲಗನ್ನು ಮುಟ್ಟುವುದಕ್ಕೆ ಮುಂಚೆ ಎಂಜಿನನ್ನು ನಿಲ್ಲಿಸಿ, ಕೀಲಿಕೈಯನ್ನು ತೆಗೆದಿರಿಸಿ, ಪ್ಲಗ್ಗಿನ ತಂತಿಯನ್ನು ಕಳಚತಕ್ಕದ್ದು. ಎರಡು ಪ್ಲಗ್ಗುಗಳಿದ್ದರೆ ಎರಡನ್ನೂ. ಮೊಂಡಾದ ಅಲಗು ಹುಲ್ಲನ್ನು ಕತ್ತರಿಸದೆ ಹರಿಯುವುದು; ಹರಿದ ತುದಿಗಳು ಒಣಗಿ ಅಂಗಳವೆಲ್ಲ ಕಂದು ಬಣ್ಣವಾಗುವುದು. ಇದ್ದ ಓರೆಯಲ್ಲಿಯೇ ಅರದಿಂದ ಉಜ್ಜಿ, ಅಲಗಿನ ನಡುರಂಧ್ರವನ್ನು ಗೋಡೆಯ ಮೊಳೆಗೆ ತೂಗಹಾಕಿ ನೋಡಬೇಕು. ಯಾವ ಪಕ್ಕವು ಕೆಳಗಿಳಿಯುವುದೋ ಆ ಪಕ್ಕವನ್ನು ಮತ್ತಷ್ಟು ಉಜ್ಜಬೇಕು. ತೂಕವು ಸಮವಿಲ್ಲದ ಅಲಗು ಯಂತ್ರವನ್ನೆಲ್ಲ ನಡುಗಿಸಿ ಸವೆಸುವುದು. ಎಡಬಲ ಚಕ್ರಗಳ ಗಾಳಿಯೂ ಸಮವಿರಬೇಕು; ಇಲ್ಲವಾದರೆ ಹುಲ್ಲು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದವಾಗುವುದು.

ಇಷ್ಟೂ ಯಂತ್ರದ ಮಾತಾಯಿತು, ಮುಖ್ಯವಾದುದು ಮನುಷ್ಯರದು. ಅಲಗು ತಿರುಗುತ್ತಿರುವಾಗ ಸವಾರನು ಆಸನದಿಂದ ಕೊಂಚ ಮೇಲೆದ್ದರೆ ಎಂಜಿನು ತಾನಾಗಿ ನಿಲ್ಲುವಂತೆ ಆಸನದ ಕೆಳಗೊಂದು ಸ್ವಿಚ್ಚು ಇರುವುದು. ತೊಂದರೆಯೆಂದು ಅದನ್ನು ತಂತಿ ಸುತ್ತಿ ನಿರರ್ಥಕ ಮಾಡಿದ ಹಳೆಯ ಯಂತ್ರಗಳುಂಟು. ಸರಿಪಡಿಸದೆ ಅಂಥದನ್ನು ಹತ್ತಲೇಬಾರದು. ಹಿಂದಕ್ಕೆ ನಡೆಯಿಸುವಾಗ ಅಲಗನ್ನು ನಿಲ್ಲಿಸುವ ಏರ್ಪಾಡು ಬಹಳ ಹಳೆಯ ಯಂತ್ರಗಳಲ್ಲಿ ಇರದೇ ಹೋಗಬಹುದು. ಬೆನ್ನ ಹಿಂದೆ ಓಡಿಬಂದ ಮಗುವು ಸವಾರನಿಗೆ ಕಾಣದು, ಎಂಜಿನಿನ ಶಬ್ದದಲ್ಲಿ ಅದರ ಕೂಗೂ ಕೇಳಿಸದು.

ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸುವ ಆಸೆ ಯಾವ ತಾತನಿಗಿಲ್ಲ! ಅದನ್ನು ತಡೆದುಕೊಳ್ಳಬೇಕೆಂದು ನಾವು ಕೈಮುಗಿದು ಕೇಳುವೆವು. ಒಮ್ಮೆ ರುಚಿ ಕಂಡ ಮಗುವು ಮರುದಿನ ಶಬ್ದ ಕೇಳಿದೊಡನೆ ಯಂತ್ರದ ಬಳಿಗೆ ತಾನೇ ಓಡಿಬರುವುದು. 16 ವರ್ಷ ತುಂಬದವರು ಸವಾರಿ ಯಂತ್ರವನ್ನು ನಡೆಯಿಸಕೂಡದೆಂದು ಅಲ್ಲಿಯ ಮಕ್ಕಳ ವೈದ್ಯರ ಸಂಘವು ಹೇಳುವುದು. ಹುಲ್ಲು ಕತ್ತರಿಸುವ ಹೊತ್ತಿನಲ್ಲಿ ಮಕ್ಕಳು ಮನೆಯೊಳಗೆ, ಹಿರಿಯರೊಬ್ಬರ ಕಣ್ಣೆದುರಿಗೆ ಇರಲಿ. ಮಗನ ಮನೆಗೋ ಮಗಳ ಮನೆಗೋ ಹೋಗುವ ನಮ್ಮ ವಯಸ್ಸಿನವರು ಮಾಡಬಹುದಾದ ಉಪಕಾರಗಳಲ್ಲಿ ಇದೊಂದು: ಯಂತ್ರವು ನಿಲ್ಲುವವರೆಗೆ ಒಳಗೆ ಮೊಮ್ಮಗುವಿಗೆ ಕಥೆ ಹೇಳುತ್ತ ಕುಳಿತಿರುವುದು.